ಮಗುವಿನ ತಲೆಯ ಜಿಡ್ಡಿಗೆ ಎಣ್ಣೆಯೇ ಮದ್ದು

ಮೆಕ್ಕೆಜೋಳದ ಸುಗ್ಗಿಯ ಕಾಲ. ದಾವಣಗೆರೆಯಿಂದ ಮಾಯಕೊಂಡದ ಅಜ್ಜಿಯ ಮನೆಗೆ ಬಂದ ಮೂರು ವರ್ಷದ ಕೂಸಿಗೆ, ಅಂಗಳದಲ್ಲಿ ನಿಂತ ಟ್ರಾಕ್ಟರಿಗಿಂತ ದೊಡ್ಡ ಆಟಿಕೆ ಬೇರೆ ಯಾವುದಿದ್ದೀತು? ಹಿರಿಯರ ಕಣ್ಣು ತಪ್ಪಿಸಿ ಅದರ ಅಡಿಗೆ ನುಸುಳಿ ಹೊರಬರುವಷ್ಟರಲ್ಲಿ ನೆತ್ತಿಯ ಗುಂಗುರು ಕೂದಲೆಲ್ಲ ಕಪ್ಪು ಗ್ರೀಸು ಮೆತ್ತಿಕೊಂಡು ಗಂಟುಗಟ್ಟಿರುತ್ತದೆ. ಎತ್ತಿನ ಬಂಡಿಗಳ ದಿನಗಳಲ್ಲಿ ಈ ಉಪಕಾರವನ್ನು ಕೀಲೆಣ್ಣೆ ಮಾಡುತ್ತಿತ್ತು. ಬಂಡಿ ಹೋಗಿ ಟ್ರಾಕ್ಟರು ಬಂದರೂ ಮಕ್ಕಳ ತಲೆಗೆ ಮಾತ್ರ ಬಿಡುಗಡೆ ದೊರೆತಿಲ್ಲ.

ಕತ್ತರಿಸಿಬಿಡೋಣವೆಂದರೆ ಮಗುವಿಗೆ ಇನ್ನೂ ಜಾವಳವಾಗಿಲ್ಲ. ಒಂದು, ಮೂರು, ಐದು – ಹೀಗೆ ಬೆಸ ವರ್ಷದಲ್ಲಿ ದೇವರ ಸನ್ನಿಧಿಯಲ್ಲಿ ಕೂದಲು ತೆಗೆಸುವ ಸಂಪ್ರದಾಯ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ಮೊದಲು ಕತ್ತರಿ ತಾಗಿಸಲು ಹಿರಿಯರು ಒಪ್ಪುವುದಿಲ್ಲ. ತಾಯಿಗೆ ದಿಕ್ಕು ತೋಚದಿರುವಾಗ ಅಜ್ಜಿಯ ಸಲಹೆ ಬರುತ್ತದೆ: “ಒಂದಿಷ್ಟು ಸೀಮೆಎಣ್ಣಿ ತಗಂಬಾರವ್ವ, ಹಚ್ಚಿ ತಿಕ್ಕಿದ್ರೆ ಎಲ್ಲಾ ಬಿಡ್ತತಿ.”

ಇಂಥ ಸಲಹೆ ಮಾಯಕೊಂಡದ ಮನೆಯಲ್ಲಷ್ಟೇ ಅಲ್ಲ, ಪಟ್ಟಣದ ಮನೆಗಳಲ್ಲಿಯೂ ಕೇಳಿಬರುವಂಥದು. ಅಜ್ಜಿಯ ತರ್ಕದಲ್ಲಿ ತಪ್ಪಿಲ್ಲ. ಎಣ್ಣೆಯನ್ನು ಎಣ್ಣೆಯೇ ಕರಗಿಸಬೇಕೆಂಬುದು ನಿಜ. ತಪ್ಪಿರುವುದು ಅವರು ಆರಿಸಿದ ಎಣ್ಣೆಯಲ್ಲಿ.

ಸೀಮೆಎಣ್ಣೆ ಏಕೆ ಸಲ್ಲದು?

ಸೀಮೆಎಣ್ಣೆ ನೀರಿನಂತೆ ತೆಳುವಾದ ದ್ರವ. ಅಳುವ ಮಗುವಿನ ಬಾಯಿಗೆ ಅದು ಸ್ವಲ್ಪ ಹೋದರೂ ಉಸಿರಿನ ಹಾದಿಗೆ ಜಾರಿ ಶ್ವಾಸಕೋಶವನ್ನು ಸೇರಬಲ್ಲದು. ಅದರಿಂದ ನ್ಯುಮೋನಿಯಾ ಉಂಟಾಗಬಹುದು. ಹಾಗೆ ನುಂಗಿದ ಮಗುವಿಗೆ ವಾಂತಿ ಮಾಡಿಸಲೇಬಾರದು, ಏಕೆಂದರೆ ಮೇಲೆ ಬರುವಾಗ ಅದು ಮತ್ತೊಮ್ಮೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿಯಾದ ದಾರಿ. ಎಳೆಯ ಚರ್ಮಕ್ಕೂ ಸೀಮೆಎಣ್ಣೆಯಿಂದ ಉರಿ, ಕೆಂಪು, ಬೊಬ್ಬೆಗಳಾಗಬಹುದು.

ಇದಕ್ಕಿಂತ ದೊಡ್ಡ ಗಂಡಾಂತರ ಬಚ್ಚಲುಮನೆಯಲ್ಲಿ ಕಾದಿರುತ್ತದೆ. ಹಂಡೆಯ ಕೆಳಗೆ ಸೌದೆ ಉರಿಯುತ್ತಿರುವಾಗ ಸೀಮೆಎಣ್ಣೆ ಸವರಿದ ತಲೆಯ ಮಗುವನ್ನು ಒಲೆಯ ಪಕ್ಕದಲ್ಲಿ ಕೂರಿಸುವುದೆಂದರೇನು? ಯೋಚಿಸಿದರೆ ಎದೆ ನಡುಗುತ್ತದೆ. ಸೀಮೆಎಣ್ಣೆ ಇಂದು ಅಪರೂಪವಾಗಿದೆ, ಆದರೆ ಬೈಕಿನ ಪೆಟ್ರೋಲು, ಬಣ್ಣದ ಥಿನ್ನರು ಮನೆಯಲ್ಲೇ ಇರುತ್ತವೆ. ಪೆಟ್ರೋಲಿನ ಆವಿ ದೂರದ ಕಿಡಿಗೂ ಹೊತ್ತಿಕೊಳ್ಳುವಂಥದು. ಇವಾವುವೂ ಮಗುವಿನ ತಲೆಯ ಹತ್ತಿರ ಸುಳಿಯಕೂಡದು.

ಅಂಟಿನಲ್ಲಿ ಎರಡು ಜಾತಿ

ತಲೆಗೆ ಅಂಟಿದ್ದು ಯಾವುದೆಂದು ಮೊದಲು ನೋಡಬೇಕು. ಬೆಲ್ಲದ ಪಾಕ, ಜೋನಿಬೆಲ್ಲ, ಜೇನು, ಜಾಲಿಮರದ ಅಂಟು – ಇವು ನೀರಿನ ನೆಂಟರು. ಬೆಚ್ಚನೆಯ ನೀರಿನಲ್ಲಿ ನೆನೆಸಿದರೆ ತಾವಾಗಿಯೇ ಬಿಡುತ್ತವೆ. ಗ್ರೀಸು, ವ್ಯಾಸಲೀನು, ಹಲಸಿನ ಮೇಣ, ಚ್ಯೂಯಿಂಗ್ ಗಮ್ಮು – ಇವು ಎಣ್ಣೆಯ ನೆಂಟರು. ಇವುಗಳ ಮೇಲೆ ನೀರು ಸುರಿದರೆ ಜಾರಿಹೋಗುತ್ತದೆ. ಬಿಸಿನೀರು ಹಾಕಿ ತಿಕ್ಕಿದರೆ ಜಿಡ್ಡು ಮೆತ್ತಗಾಗಿ, ಕೆಡದೆ ಉಳಿದಿದ್ದ ಕೂದಲಿಗೂ ಹರಡುತ್ತದೆ. ಹಲಸಿನ ಹಣ್ಣು ಬಿಡಿಸುವ ಮುನ್ನ ಕೈಗೆ, ಕತ್ತಿಗೆ ಎಣ್ಣೆ ಸವರಿಕೊಳ್ಳುವ ಗೃಹಿಣಿಗೆ ಈ ಸೂತ್ರ ಹೊಸದೇನೂ ಅಲ್ಲ. ಕೈಗೆ ಒಪ್ಪುವ ಆ ಉಪಾಯವೇ ತಲೆಗೂ ಒಪ್ಪುತ್ತದೆ.

ಬಿಡಿಸುವ ಕ್ರಮ

ಒಣಗಿದ ತಲೆಯಲ್ಲಿಯೇ ಕೆಲಸ ಆರಂಭವಾಗಬೇಕು. ಮೇಲೆ ಮುದ್ದೆಯಾಗಿ ನಿಂತ ಗ್ರೀಸನ್ನು ಹಳೆಯ ಹತ್ತಿಬಟ್ಟೆಯಿಂದ ಬೇರಿನ ಕಡೆಯಿಂದ ತುದಿಯ ಕಡೆಗೆ ಒರೆಸಿ ತೆಗೆಯಬೇಕು. ಬಳಿಕ ಎರಡು ಚಮಚ ಕಡಲೆಕಾಯಿ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಗಂಟಿನ ಮೇಲೆ ಸವರಿ, ಬೆರಳುಗಳಿಂದ ಮೃದುವಾಗಿ ಹೊಸೆದು, ಹತ್ತು ನಿಮಿಷ ಬಿಡಬೇಕು. ಕರಗಿದ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಹೀಗೆಯೇ ಮಾಡಬೇಕು. ಹಲ್ಲು ಅಗಲವಾದ ಬಾಚಣಿಗೆಯಿಂದ ಬಾಚುವಾಗ ಕೂದಲ ಬುಡವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರೆ ಮಗುವಿಗೆ ನೋವಾಗುವುದಿಲ್ಲ.

ಈಗ ಉಳಿದದ್ದು ಬರಿಯ ಎಣ್ಣೆ. ಅದರ ಮೇಲೆ ಒಣ ಕಡಲೆಹಿಟ್ಟನ್ನೋ ಹೆಸರುಹಿಟ್ಟನ್ನೋ, ಮೂಗು ಕಣ್ಣುಗಳಿಗೆ ಹಾರದಂತೆ ಹಚ್ಚಿದರೆ ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಿಟ್ಟನ್ನು ಕೊಡವಿ ತೆಗೆದು, ನೀರು ಹಾಕುವ ಮುನ್ನವೇ ಮಕ್ಕಳ ಶಾಂಪೂವನ್ನು ಜಿಡ್ಡಿನ ಜಾಗಕ್ಕೆ ಹಚ್ಚಿ, ಆಮೇಲೆ ಉಗುರುಬೆಚ್ಚಗಿನ ನೀರು ಹಾಕಬೇಕು. ಸೀಗೆಕಾಯಿಯೂ ಆಗುತ್ತದೆ, ಅದರಲ್ಲಿಯೂ ಅಂಟುವಾಳದಲ್ಲಿಯೂ ನೊರೆ ಬರಿಸುವ ಸ್ಯಾಪೊನಿನ್ ಎಂಬ ಪದಾರ್ಥವಿದೆ. ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿಯುವ ಅದರ ಕಣಗಳು ಜಿಡ್ಡನ್ನು ನೀರಿನೊಡನೆ ಸಾಗಿಸುತ್ತವೆ. ಆದರೆ ಇವೆರಡೂ ಕಣ್ಣಿಗೆ ಬಿದ್ದರೆ ಬಲು ಉರಿ. ಆದುದರಿಂದ ಮಗುವಿನ ತಲೆಯನ್ನು ಹಿಂದಕ್ಕೆ ಬಾಗಿಸಿ, ಹಣೆಗೆ ಮಡಿಸಿದ ಬಟ್ಟೆ ಒತ್ತಿಹಿಡಿಯಬೇಕು.

ಬಯಲುಸೀಮೆಯಲ್ಲಿ ಇನ್ನೊಂದು ತೊಡಕುಂಟು. ಕೊಳವೆಬಾವಿಯ ನೀರು ಗಡಸಾಗಿದ್ದರೆ, ಅದರ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಬಿಳಿಯ ಗಸಿಯಾಗಿ ಕೂದಲಿಗೇ ಅಂಟುತ್ತದೆ. ಎಷ್ಟು ತೊಳೆದರೂ ಜಿಡ್ಡು ಹೋಗಲಿಲ್ಲವೆಂದು ಕೊರಗುವ ಎಷ್ಟೋ ತಾಯಂದಿರು ನೋಡುತ್ತಿರುವುದು ಗ್ರೀಸನ್ನಲ್ಲ, ಈ ಗಸಿಯನ್ನು. ಅಂಥ ಊರುಗಳಲ್ಲಿ ಸ್ನಾನದ ಸಾಬೂನಿಗಿಂತ ಸೀಗೆಕಾಯಿ ಅಥವಾ ಶಾಂಪೂ ಮೇಲು. ಹಿಡಿದಿಟ್ಟ ಮಳೆಯ ನೀರಿದ್ದರೆ ಇನ್ನೂ ಲೇಸು.

ವೈದ್ಯರ ಬಳಿಗೆ ಯಾವಾಗ?

ರಸ್ತೆಗೆ ಹಾಕುವ ಬಿಸಿ ದಾಂಬರು ತಲೆಗೆ ತಾಗಿದ್ದರೆ ಅದು ಜಿಡ್ಡಿನ ಮಾತಲ್ಲ, ಸುಟ್ಟ ಗಾಯದ ಮಾತು. ಕೀಳಲು ಹೋಗದೆ ತಣ್ಣೀರು ಹರಿಸಿ, ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿಗೆ ಗ್ರೀಸು ಬಿದ್ದಿದ್ದರೂ, ನೆತ್ತಿಯ ಚರ್ಮ ಕೆಂಪಾಗಿದ್ದರೂ ಮನೆಯ ಉಪಾಯ ಸಾಲದು.

ಉಳಿದಂತೆ ಬೇಕಾದುದು ಅರ್ಧ ಗಂಟೆಯ ವ್ಯವಧಾನ. ಒಂದೇ ದಿನ ಎಲ್ಲವೂ ಹೋಗದಿದ್ದರೆ ಎರಡು ದಿನ ಬಿಟ್ಟು ಮತ್ತೊಮ್ಮೆ ತಲೆಗೆ ನೀರೆರೆಯಬಹುದು. ಅಜ್ಜಿಯನ್ನು ಮೂಲೆಗೆ ಕೂರಿಸಬೇಕಾಗಿಯೂ ಇಲ್ಲ. ಎಣ್ಣೆ ನೆನೆಯುವ ಆ ಹತ್ತು ನಿಮಿಷ ಮಗು ಅಲುಗದಂತೆ ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವವರು ಆಕೆಯಲ್ಲದೆ ಬೇರಾರು? ಜಾವಳದ ದಿನ ಬಂದಾಗ ಆ ಗುಂಗುರು ಕೂದಲು ಹಾಗೆಯೇ ಇರುತ್ತದೆ.