ಮಗುವಿನ ಹುಬ್ಬಿನ ಗಂಟಿಗೆ ಸುಣ್ಣ ಹಚ್ಚಿದರೆ ಕರಗುತ್ತದೆಯೇ?

ಕರಗುವುದಿಲ್ಲ. ಇಂಥ ಸಲಹೆ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದರೆ ಮುಂದೆ ಕಳಿಸುವ ಮೊದಲು ಇದನ್ನು ಓದಿ.

ಹುಬ್ಬಿನ ಹೊರತುದಿಯಲ್ಲಿ ಹುಟ್ಟಿನಿಂದಲೋ ಮೊದಲ ಕೆಲವು ವರ್ಷಗಳಲ್ಲೋ ಕಾಣಿಸುವ, ನೋವಿಲ್ಲದ, ಬಟಾಣಿಯಷ್ಟು ಗಂಟು ಹೆಚ್ಚಾಗಿ ಡರ್ಮಾಯ್ಡ್ ಸಿಸ್ಟ್ ಆಗಿರುತ್ತದೆ. ಇದು ಕುರುವಲ್ಲ. ಕ್ಯಾನ್ಸರ್ ಕೂಡ ಅಲ್ಲ.

ತಾಯಿಯ ಹೊಟ್ಟೆಯಲ್ಲಿ ಮೊದಲ ಎರಡು ತಿಂಗಳಲ್ಲಿ ಮುಖದ ಭಾಗಗಳು ಬೇರೆಬೇರೆಯಾಗಿ ಬೆಳೆದು ಕೂಡಿಕೊಳ್ಳುತ್ತವೆ. ಕೂಡುವ ಜಾಗದಲ್ಲಿ ಚರ್ಮದ ಚೂರೊಂದು ಒಳಗೇ ಸಿಕ್ಕಿಕೊಂಡರೆ, ಅಲ್ಲೂ ತನ್ನ ಕೆಲಸ ನಿಲ್ಲಿಸುವುದಿಲ್ಲ: ಜಿಡ್ಡು ಸುರಿಸುತ್ತದೆ, ಸತ್ತ ಕೋಶ ಉದುರಿಸುತ್ತದೆ, ಕೂದಲನ್ನೂ ಬೆಳೆಸಬಹುದು. ಹೊರಗೆ ದಾರಿಯಿಲ್ಲದೆ ಎಲ್ಲವೂ ಒಂದು ಚೀಲದಲ್ಲಿ ತುಂಬುತ್ತಾ ಗಂಟು ನಿಧಾನವಾಗಿ ದೊಡ್ಡದಾಗುತ್ತದೆ. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಗಡ್ಡೆ ಎಂದ ಕೂಡಲೇ ನಮ್ಮ ಕಡೆ ನಾಟಿ ಔಷಧ ನೆನಪಾಗುವುದು ಸಹಜ. ಆನಂದಪುರದ ಹತ್ತಿರದ ನರಸೀಪುರದಲ್ಲಿ ದೂರದೂರದ ಜನ ಸಾಲು ನಿಂತದ್ದನ್ನು ಕಂಡ ಊರು ಇದು. ಆದರೆ ಈ ಚೀಲ ಚರ್ಮದ ಅಡಿಯಲ್ಲಿ, ಅನೇಕ ಸಲ ಮೂಳೆಗೇ ಅಂಟಿಕೊಂಡಿರುತ್ತದೆ. ಲೇಪ ಅಲ್ಲಿಗೆ ಮುಟ್ಟದು, ಮಾತ್ರೆಯೂ ಅದನ್ನು ಕರಗಿಸದು. ಎಲೆ ತಟ್ಟೆಯ ಸುಣ್ಣವಂತೂ ಕ್ಷಾರ; ಚರ್ಮ ಸುಡುತ್ತದೆ, ಕಣ್ಣಿಗೆ ಇಳಿದರೆ ದೃಷ್ಟಿಯೇ ಹೋಗಬಹುದು. ಅಕಸ್ಮಾತ್ ಬಿದ್ದರೆ ತಕ್ಷಣ ಶುದ್ಧ ನೀರಿನಲ್ಲಿ ಅರ್ಧ ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಹೋಗಿ.

ಹಿಚುಕುವುದು, ಸೂಜಿ ಚುಚ್ಚುವುದೂ ಬೇಡ. ಚೀಲ ಒಡೆದರೆ ಬಾವು ಬರುತ್ತದೆ, ಆಮೇಲಿನ ಆಪರೇಷನ್ ಕಷ್ಟವಾಗುತ್ತದೆ. ಮೂಗಿನ ಮೇಲೆ ಅಥವಾ ಹಣೆಯ ನಟ್ಟನಡುವೆ ಗಂಟಿದ್ದರೆ ಇನ್ನೂ ಎಚ್ಚರ: ಕೆಲವು ಮಕ್ಕಳಲ್ಲಿ ಅದರ ಬೇರು ತಲೆಬುರುಡೆಯ ಒಳಗಿನವರೆಗೆ ಹೋಗಿರುತ್ತದೆ. ಅದಕ್ಕೇ ಅಂಥ ಗಂಟಿಗೆ ಕೈಹಾಕುವ ಮೊದಲು ವೈದ್ಯರು ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಚಿಕಿತ್ಸೆ ಎಂದರೆ ಪೂರ್ತಿ ಅರಿವಳಿಕೆ ಕೊಟ್ಟು ಚೀಲವನ್ನು ಇಡಿಯಾಗಿ ತೆಗೆಯುವುದು. ಚೂರು ಉಳಿದರೆ ಮತ್ತೆ ಬೆಳೆಯಬಹುದು. ಹುಬ್ಬಿನಲ್ಲೋ ರೆಪ್ಪೆಯ ಮಡಿಕೆಯಲ್ಲೋ ಕೊಯ್ದರೆ ಗುರುತು ಹೆಚ್ಚು ಕಾಣುವುದಿಲ್ಲ. ಹುಬ್ಬಿನ ಗಂಟಿಗೆ ಸಾಮಾನ್ಯವಾಗಿ ಅವಸರವಿಲ್ಲ. ಯಾವ ವಯಸ್ಸಿನಲ್ಲಿ ಮಾಡುವುದೆಂದು ವೈದ್ಯರ ಜೊತೆ ಮಾತಾಡಿ ನಿರ್ಧರಿಸಬಹುದು. ಕೆಂಪಾದರೆ, ನೋವು ಬಂದರೆ, ಬೇಗ ದೊಡ್ಡದಾದರೆ ಕಾಯಬೇಡಿ.

ಮೊದಲು ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡಿಸಿಕೊಳ್ಳಬಹುದು. ಅಂಗನವಾಡಿ, ಶಾಲೆಗಳಿಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿದರೂ ಆಯಿತು. 2013ರಲ್ಲಿ ಶುರುವಾದ ಈ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗಾಗಿಯೇ ಇದೆ.