ನಿಮಗಿದು ಗೊತ್ತೇ? ಬಾಗಿಲು ಹಾಕಿದ ಮೇಲೆ ಕೇಳುವ ಸದ್ದು

ಕರ್ನಾಟಕದಲ್ಲಿ ಟಿವಿ ಊರೂರಿಗೆ ಮೊದಲು ಬಂದದ್ದು ಬೆಂಗಳೂರಿನ ಕಡೆ ಅಲ್ಲ, ನಮ್ಮ ಕಲಬುರಗಿ ಕಡೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು. ಊರಿಗೊಂದು ಪೆಟ್ಟಿಗೆ, ಅದಕ್ಕೆ ಕೋಳಿಗೂಡಿನ ಜಾಲರಿ ಹೊದಿಸಿದ 3 ಮೀಟರ್ ಅಗಲದ ಡಿಶ್, ಮೇಲೆ 36,000 ಕಿ.ಮೀ. ಎತ್ತರದಲ್ಲಿ ಎಟಿಎಸ್-6 ಉಪಗ್ರಹ. ಸಂಜೆ ಊರೆಲ್ಲ ಅದರ ಮುಂದೆ.

ಆ ಉಪಗ್ರಹ ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸಬಲ್ಲದಾಗಿತ್ತು. ಮುಖ ಒಂದು, ದನಿ ಎರಡು. ಇದನ್ನು ನೆನಪಿಡಿ, ಇವತ್ತಿನ ಅಂಕಣದ ಭಯವೆಲ್ಲ ಮುಖಕ್ಕೂ ದನಿಗೂ ನಡುವಿನ ಆ ಬಿರುಕಿನಿಂದಲೇ ಹೊರಬರುತ್ತದೆ.

ಅದೇ ಕಾರ್ಯಕ್ರಮಗಳನ್ನು ಕೊಲಂಬೊದ ಒಂದು ಮನೆಯಲ್ಲಿ ಕೂತು ನೋಡುತ್ತಿದ್ದವರು ಯಾರು ಗೊತ್ತೇ? ‘2001: ಎ ಸ್ಪೇಸ್ ಒಡಿಸ್ಸಿ’ ಬರೆದ ಆರ್ಥರ್ ಸಿ. ಕ್ಲಾರ್ಕ್. ಭಾರತದ ಎಂಜಿನಿಯರುಗಳು ಅವರ ಮನೆಗೆ ಹೋಗಿ ಆಂಟೆನಾ ಕೂಡಿಸಿ ಬಂದಿದ್ದರು. ನೌಕೆಯ ಹೊರಗೆ ಸಿಕ್ಕಿಬಿದ್ದ ಮನುಷ್ಯ, ಬಾಗಿಲು ತೆಗೆಯಲು ಒಪ್ಪದ ಕಂಪ್ಯೂಟರಿನ ಶಾಂತ ದನಿ: ಆ ಚಿತ್ರಕಥೆಯ ಸಹಲೇಖಕರೂ ಗುಲಬರ್ಗಾ ಜಿಲ್ಲೆಯ ರೈತನೂ ಒಂದೇ ವರ್ಷ ಒಂದೇ ಉಪಗ್ರಹದ ವೀಕ್ಷಕರು.

ಗುಲಬರ್ಗಾದಲ್ಲಿ ದೂರದರ್ಶನ ಪ್ರಸಾರ ಶುರುವಾದದ್ದು 1977ರಲ್ಲಿ. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ.

ಇನ್ನು ಟಿವಿಯಲ್ಲಿ, ನಾಲ್ಕು ಗೋಡೆಯೊಳಗೇ ಮುಗಿಯುವ ವೈಜ್ಞಾನಿಕ ಕಥೆಯ ಕಂತುಗಳು ಹುಟ್ಟಿದ್ದು ಕಲೆಗಾಗಿ ಅಲ್ಲ, ರೊಕ್ಕ ಇಲ್ಲದ್ದಕ್ಕೆ. ಬಿಬಿಸಿಯ ‘ಡಾಕ್ಟರ್ ಹೂ’ 1963ರ ನವೆಂಬರ್ 23ರಂದು ಆರಂಭವಾಯಿತು. ಮೂರು ತಿಂಗಳೂ ತುಂಬಿರಲಿಲ್ಲ, ಕೈ ಬಿಗಿಯಾಯಿತು. 1964ರ ಫೆಬ್ರುವರಿಯ ಎರಡು ಕಂತುಗಳನ್ನು ಆಗಲೇ ಇದ್ದ ನೌಕೆಯ ಸೆಟ್‌ನಲ್ಲಿ, ನಾಲ್ಕೇ ಕಾಯಂ ನಟರನ್ನಿಟ್ಟುಕೊಂಡು ಮುಗಿಸಿದರು. ವೈರಿಯ ಪಾತ್ರಕ್ಕೆ ಯಾರೂ ಇರಲಿಲ್ಲ, ಹಾಗಾಗಿ ನಾಲ್ವರೂ ಒಬ್ಬರನ್ನೊಬ್ಬರು ಅನುಮಾನಿಸತೊಡಗಿದರು. ಬಡತನ ಕಲಿಸಿದ ಆ ಪಾಠ ಅಲ್ಲಿಂದೀಚೆಗೆ ಎಷ್ಟೋ ಸರಣಿಗಳಿಗೆ ಊಟ ಹಾಕಿದೆ.

‘ಎಕ್ಸ್ ಫೈಲ್ಸ್’ ತಂಡವೂ 1993ರಲ್ಲಿ ಇದೇ ಲೆಕ್ಕ ಹಾಕಿ ‘ಐಸ್’ ಎಂಬ ಕಂತು ಮಾಡಿತು. ಹಿಮದ ನಡುವಿನ ಒಂದು ಠಾಣೆ, ಬೆರಳೆಣಿಕೆಯ ಜನ. ಉಳಿತಾಯಕ್ಕೆಂದು ಹೊರಟ ಕಂತು ಬಜೆಟ್ ಮೀರಿತು. ಅಂಗೈಯಗಲದ ಮನೆ ಕಟ್ಟಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಈ ಬಗೆಯ ಕಂತುಗಳಲ್ಲಿ ನನ್ನ ಮಟ್ಟಿಗೆ ಮೊದಲ ಸಾಲಿನದು ‘ಮಿಡ್‌ನೈಟ್’. 2008ರ ಜೂನ್ 14ರಂದು ಪ್ರಸಾರವಾದ ‘ಡಾಕ್ಟರ್ ಹೂ’ ಕಂತು. ಬರೆದವರು ರಸೆಲ್ ಟಿ. ಡೇವಿಸ್, ನಿರ್ದೇಶಕಿ ಆಲಿಸ್ ಟ್ರೌಟನ್. ವಜ್ರದ ಗ್ರಹವೊಂದರಲ್ಲಿ ಪ್ರವಾಸಿಗರ ವಾಹನ ಕೆಟ್ಟು ನಿಲ್ಲುತ್ತದೆ. ಹೊರಗಿನ ಬಿಸಿಲಿನಲ್ಲಿ ಯಾವ ಜೀವಿಯೂ ಬದುಕಲಾರದು. ಆದರೂ ಹೊರಗಿನಿಂದ ಯಾರೋ ತಟ್ಟುತ್ತಾರೆ. ಲೋಹ ತಣ್ಣಗಾಗುವ ಸದ್ದಿರಬೇಕು ಎಂಬ ಸಮಜಾಯಿಷಿ ಬರುತ್ತದೆ. ಒಳಗಿನವನೊಬ್ಬ ಮೂರು ಸಲ ತಟ್ಟಿ ನೋಡುತ್ತಾನೆ. ಹೊರಗಿನಿಂದಲೂ ಮೂರು.

ಆಮೇಲೆ ಹೊರಗಿದ್ದದ್ದು ಸ್ಕೈ ಎಂಬ ಪ್ರಯಾಣಿಕಳೊಳಗೆ ಸೇರುತ್ತದೆ. ಮೊದಲು ಅವಳು ಇತರರ ಮಾತನ್ನು ಹೇಳಿದ ಮೇಲೆ ಹೇಳುತ್ತಾಳೆ. ಸ್ವಲ್ಪ ಹೊತ್ತಿಗೆ ಅವರ ಜೊತೆಜೊತೆಗೇ ಹೇಳುತ್ತಾಳೆ. ಕೊನೆಗೆ ನಾಯಕ ಹೇಳುವ ಮುಂಚೆಯೇ ಹೇಳುತ್ತಾಳೆ, ಆತ ಅವಳ ಹಿಂದೆ ಗಿಳಿಪಾಠ ಒಪ್ಪಿಸುತ್ತಾನೆ. ಮೂರೇ ಮೆಟ್ಟಿಲು. ನೋಡುವವನಿಗೆ ವಿವರಣೆ ಬೇಡ, ಕಿವಿಯೇ ಸಾಕು. ಅವಳನ್ನು ಪರೀಕ್ಷಿಸಲು ನಾಯಕ ಪೈನ ವರ್ಗಮೂಲ ಒದರುತ್ತಾನೆ: 1.7724538509... ಹೀಗೆ ಉದ್ದಕ್ಕೂ. ಲೆಸ್ಲಿ ಶಾರ್ಪ್ ಮತ್ತು ಡೇವಿಡ್ ಟೆನೆಂಟ್ ಆ ಅಂಕಿಗಳನ್ನು ಬಾಯಿಪಾಠ ಮಾಡಿ ಉಸಿರಿಗೆ ಉಸಿರು ಹೊಂದಿಸಬೇಕಾಯಿತು.

ಭೂತ ಎಷ್ಟು ಹೊತ್ತು ತೆರೆಯ ಮೇಲೆ ಕಾಣುತ್ತದೆ? ಒಂದು ಕ್ಷಣವೂ ಇಲ್ಲ.

ಆ ಕಂತಿನ ನಿಜವಾದ ಹೆದರಿಕೆ ಪ್ರಯಾಣಿಕರದು. ನೆಟ್ಟಗಿದ್ದ ಗೃಹಸ್ಥರು, ಓದಿದ ಪ್ರೊಫೆಸರು, ಎಲ್ಲರೂ ಅರ್ಧ ಗಂಟೆಯೊಳಗೆ ಒಬ್ಬನನ್ನು ಹೊರಗೆಸೆಯೋಣ ಎನ್ನುವ ಹಂತಕ್ಕೆ ಬರುತ್ತಾರೆ. ಅವರನ್ನು ಉಳಿಸುವುದು ವಾಹನದ ಪರಿಚಾರಿಕೆ. ನಾಯಕನ ಪೇಟೆಂಟ್ ಮಾತುಗಳು ಸ್ಕೈಳ ಬಾಯಲ್ಲಿ ಬರುವುದನ್ನು ಗುರುತಿಸಿ, ಅವಳನ್ನು ಹಿಡಿದುಕೊಂಡು ತಾನೂ ಹೊರಗೆ ಹಾರುತ್ತಾಳೆ. ಆಕೆಯ ಹೆಸರೇನು ಎಂದು ಕೇಳಿದರೆ ಬದುಕುಳಿದವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ಲೋಹ ತಣ್ಣಗಾದರೆ ನಿಜಕ್ಕೂ ಸದ್ದಾಗುತ್ತದೆಯೇ? ಆಗುತ್ತದೆ. ನಂಬಿಕೆ ಬಾರದಿದ್ದರೆ ಮೇ ತಿಂಗಳ ರಾತ್ರಿ ಕಲಬುರಗಿಯ ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶಕ್ಕೆ ಬನ್ನಿ. ಬೇಳೆ ಗಿರಣಿ ನಿಂತ ಮೇಲೆ ಪತ್ರಾಸಿನ ಶೆಡ್ಡು ಮಾತಾಡಲು ಶುರುಮಾಡುತ್ತದೆ. ಉಕ್ಕಿನ 10 ಮೀಟರ್ ಉದ್ದದ ತಗಡು 30 ಡಿಗ್ರಿ ತಣ್ಣಗಾದರೆ ಸುಮಾರು 3.6 ಮಿಲಿಮೀಟರ್ ಕುಗ್ಗುತ್ತದೆ. ಆದರೆ ಬೋಲ್ಟುಗಳು ಅದನ್ನು ಸುಮ್ಮನೆ ಸರಿಯಗೊಡುವುದಿಲ್ಲ. ಬಿಗಿ ಹೆಚ್ಚಿ ಹೆಚ್ಚಿ ಒಮ್ಮೆಲೇ ಜಾರುತ್ತದೆ: ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೂಲೆಯಲ್ಲಿ ಟಕ್. ಯಾರೋ ಮೇಲೆ ನಡೆಯುತ್ತಿದ್ದಾರೆ ಎಂದೇ ಅನಿಸುತ್ತದೆ, ಏಕೆಂದರೆ ಸದ್ದುಗಳ ನಡುವಿನ ಬಿಡುವು ಒಂದೇ ಸಮ ಇರುವುದಿಲ್ಲ. ಗಡಿಯಾರದ ಟಿಕ್‌ಟಿಕ್ ಯಾರನ್ನೂ ಹೆದರಿಸದು. ಮುಂದಿನದು ಯಾವಾಗ ಎಂದು ತಿಳಿಯದ ಸದ್ದು ನಿದ್ದೆಗೆಡಿಸುತ್ತದೆ. ಕಿರುಚಿತ್ರ ಮಾಡುವ ಹುಡುಗರು ಕೇಳಿಸಿಕೊಳ್ಳಲಿ: ಗೋದಾಮೂ ಇಲ್ಲೇ ಇದೆ, ಧ್ವನಿಮುದ್ರಿಕೆಯೂ ಪುಕ್ಕಟೆ.

ವಿಕ್ ಟ್ಯಾಂಡಿ ಎಂಬ ಬ್ರಿಟಿಷ್ ಎಂಜಿನಿಯರ್, 1998ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ತನ್ನ ಪ್ರಯೋಗಾಲಯದ ‘ದೆವ್ವ’ದ ಬೆನ್ನು ಹತ್ತಿ ಹೋಗಿ ಒಂದು ಫ್ಯಾನಿನ ಬಳಿ ನಿಂತರು. ಅದು ಹೊರಡಿಸುತ್ತಿದ್ದ ಕಂಪನ ಸುಮಾರು 19 ಹರ್ಟ್ಜ್, ಮನುಷ್ಯನ ಕಿವಿಗೆ ನಿಲುಕದ್ದು. ಬೇಳೆ ಗಿರಣಿಯ ಸದ್ದಾದರೆ ಮುಂದಿನ ಓಣಿಗೂ ಕೇಳುತ್ತದೆ, ಆ ಚಿಂತೆ ಬೇಡ.

ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿದರೆ ‘ಥೂ, ಇದು ನಾನಲ್ಲ’ ಅನಿಸುವುದೇಕೆ? ಮಾತಾಡುವಾಗ ನಮ್ಮ ದನಿ ಗಾಳಿಯಿಂದಲ್ಲದೆ ತಲೆಯ ಮೂಳೆಯ ಮೂಲಕವೂ ಕಿವಿಗೆ ತಲುಪಿ ಗಡುಸಾಗಿ ಕೇಳುತ್ತದೆ. ರೆಕಾರ್ಡಿನಲ್ಲಿ ಆ ಮೂಳೆಯ ಪಾಲು ಇರುವುದಿಲ್ಲ. ಅಂದರೆ ಊರಿಗೆಲ್ಲ ಪರಿಚಯವಿರುವ ನಮ್ಮ ದನಿ ನಮಗೊಬ್ಬರಿಗೇ ಅಪರಿಚಿತ.

ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಹೇಳಿದ್ದು ಎದುರು ಗೋಡೆಯವರಿಗೆ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟ. ಶಾಲಾ ಪ್ರವಾಸದ ಮಕ್ಕಳ ಕಿರುಚಾಟದಲ್ಲಿ ಅದರ ಹೆದರಿಕೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ.

ಪರಿಚಿತ ದನಿಯಲ್ಲಿ ಬಾಗಿಲು ತಟ್ಟುವ ಕಥೆ ನಮ್ಮಲ್ಲೂ ಉಂಟು. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ‘ನಾಳೆ ಬಾ’ ಎಂದು ಬಾಗಿಲಿಗೆ ಬರೆದದ್ದು ನೆನಪಿದೆಯೇ? ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಬರಹ ಓದಿ ಹಿಂದಿರುಗಿ ಮರುದಿನ ಮತ್ತೆ ಬಂದು ಓದುತ್ತದೆ ಎಂಬ ಪುಕಾರು. 2018ರ ಹಿಂದಿ ಚಿತ್ರ ‘ಸ್ತ್ರೀ’ ಎತ್ತಿಕೊಂಡದ್ದು ಇದನ್ನೇ. ಓದು ಬರುವ, ಆದರೆ ನೆನಪಿನ ಶಕ್ತಿ ಇಲ್ಲದ ದೆವ್ವ ಕನ್ನಡದ ಕೊಡುಗೆ ಎನ್ನಲು ನನಗೇನೂ ಸಂಕೋಚವಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ಮುಚ್ಚಿದ ಕೋಣೆ, ಟಿವಿ, ಮರಳಿ ಬರುವ ಸ್ವಂತ ದನಿ, ಈ ಮೂರನ್ನೂ ಒಂದೇ ಕಡೆ ತಂದ ಕೃತಿ ಕನ್ನಡದಲ್ಲಿದೆ, ಅದೂ ‘ಮಿಡ್‌ನೈಟ್’ಗಿಂತ ಮೂರು ವರ್ಷ ಮೊದಲು. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ರಂಗಕ್ಕೆ ಬಂತು, ನಿರ್ದೇಶನ ಕಾರ್ನಾಡ ಮತ್ತು ಕೆ.ಎಂ. ಚೈತನ್ಯ ಅವರದು. ಕನ್ನಡದ ಕತೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಜಗತ್ಪ್ರಸಿದ್ಧಳಾಗಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಒಂದು ಪುಟ್ಟ ಭಾಷಣ ಮುಗಿಸಿ ಎದ್ದು ಹೊರಡುತ್ತಾಳೆ. ಪರದೆಯ ಮೇಲಿನ ಅವಳ ಬಿಂಬ ಏಳುವುದಿಲ್ಲ. ಕೂತಲ್ಲಿಂದಲೇ ಪ್ರಶ್ನೆ ಕೇಳಲು ಶುರುಮಾಡುತ್ತದೆ: ತಂಗಿ ಮಾಲಿನಿಯ ಬಗ್ಗೆ, ಗಂಡನ ಬಗ್ಗೆ, ಆ ಕಾದಂಬರಿ ನಿಜಕ್ಕೂ ಯಾರದು ಎಂಬುದರ ಬಗ್ಗೆ.

ಕನ್ನಡದಲ್ಲಿ ಈ ಪಾತ್ರ ಮಾಡಿದ್ದು ಅರುಂಧತಿ ನಾಗ್. ಬಿಂಬದ ಮಾತೆಲ್ಲ ಮುಂಚೆಯೇ ಚಿತ್ರೀಕರಿಸಿದ್ದು. ಸಾಮಾನ್ಯ ನಾಟಕದಲ್ಲಿ ಒಬ್ಬರು ಮಾತು ಮರೆತರೆ ಎದುರಿನವರು ಸಂಭಾಳಿಸುತ್ತಾರೆ. ಇಲ್ಲಿ ಎದುರಿರುವುದು ಅವರೇ, ಆದರೆ ಕಾಯುವ ಸೌಜನ್ಯ ಇಲ್ಲದ ಅವರು. ನಟಿ ಒಂದು ಉಸಿರು ತಡಮಾಡಿದರೆ ಬಿಂಬ ಅವರ ಮಾತಿನ ಮೇಲೆಯೇ ಮಾತಾಡುತ್ತದೆ. ಯಜಮಾನಿಕೆ ಯಂತ್ರದ್ದು, ಬದುಕಿರುವವಳು ಅದರ ತಾಳಕ್ಕೆ ಕುಣಿಯಬೇಕು. ‘ಮಿಡ್‌ನೈಟ್’ನ ಮೂರನೇ ಮೆಟ್ಟಿಲು ಇದೇ ತಾನೇ?

ಇದನ್ನು ಬರೆದವರು ಕ್ಯಾಮೆರಾದ ಮುಂದೆ ಕೂತು ಅಭ್ಯಾಸವಿದ್ದವರು. 1990ರ ದಶಕದಲ್ಲಿ ದೂರದರ್ಶನದ ವಿಜ್ಞಾನ ಕಾರ್ಯಕ್ರಮ ‘ಟರ್ನಿಂಗ್ ಪಾಯಿಂಟ್’ ನಡೆಸಿಕೊಟ್ಟದ್ದು ಕಾರ್ನಾಡರೇ. ಅದರಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದವರು ಪ್ರೊ. ಯಶ್‌ಪಾಲ್, ಗುಲಬರ್ಗಾದ ಹಳ್ಳಿಗಳಿಗೆ ಟಿವಿ ತಂದ ‘ಸೈಟ್’ ಕಾಲದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದವರು.

ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ದಿಟ್ಟಿಸಿದರೆ ಏನಾಗುತ್ತದೆ? ಇಟಲಿಯ ಜೊವಾನ್ನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 50 ಜನರ ಪೈಕಿ ಶೇ 66 ಮಂದಿಗೆ ಸ್ವಂತ ಮುಖ ವಿಕಾರವಾಗಿ ಕಂಡಿತು. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳಿಗೆ ಹೇಳಬೇಡಿ.

‘ಒಡಕಲು ಬಿಂಬ’ ಬಂದ 2005ರಲ್ಲೇ ಬರಗೂರು ರಾಮಚಂದ್ರಪ್ಪ ‘ಶಾಂತಿ’ ಸಿನಿಮಾ ತೆಗೆದರು. ಇಡೀ ಚಿತ್ರಕ್ಕೆ ಪಾತ್ರಧಾರಿ ಒಬ್ಬರೇ, ಭಾವನಾ.

ಸುನಿಲ್ ಕುಮಾರ್ ದೇಸಾಯಿ ಅವರ ‘ತರ್ಕ’ ಸಿನಿಮಾದಲ್ಲಿ ಶಂಕರ್‌ನಾಗ್ ಇದ್ದರೂ ಹಾಡಿಲ್ಲ. ಸರಿಯಾದ ಲೆಕ್ಕಾಚಾರ. ಹಾಡು ಬಂತೆಂದರೆ ಕೋಣೆಯ ಬಾಗಿಲು ಊಟಿಗೆ ತೆರೆದುಕೊಳ್ಳುತ್ತದೆ, ಆಮೇಲೆ ಎಷ್ಟು ಚಿಲಕ ಹಾಕಿದರೂ ಅಷ್ಟೇ. ನಮ್ಮ ಧಾರಾವಾಹಿಗಳು ಮುಖಕ್ಕೆ ಮೂರು ಸಲ ಜೂಮ್ ಮಾಡಿ ಗುಡುಗು ಹೊಡೆಸುವುದೂ ಇದೇ ತಪ್ಪು: ಹೆದರಬೇಕಾದ ಜಾಗವನ್ನು ಬೆರಳು ಮಾಡಿ ತೋರಿಸಿದ ಮೇಲೆ ಹೆದರುವವರು ಯಾರು?

ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಬಾಹ್ಯಾಕಾಶಕ್ಕೆ ಹೊರಡುವ ಮುಂಚೆ ಅವರನ್ನು ಬೆಂಗಳೂರಿನ ವಾಯುಪಡೆಯ ಕೇಂದ್ರದಲ್ಲಿ 72 ಗಂಟೆ ಕೋಣೆಯೊಳಗೆ ಕೂಡಿಹಾಕಿದ್ದರು. ಮುಚ್ಚಿದ ಜಾಗದ ಭಯ ಒಳಗೆಲ್ಲಾದರೂ ಅಡಗಿದೆಯೇ ಎಂಬ ಪರೀಕ್ಷೆ ಅದು. ಅಮೆರಿಕದ ‘ಟ್ವೈಲೈಟ್ ಜೋನ್’ ಸರಣಿ 1959ರಲ್ಲಿ ಶುರುವಾದದ್ದೇ ಇಂಥ ಕಥೆಯಿಂದ: ಜನರೇ ಇಲ್ಲದ ಊರಲ್ಲಿ ಅಲೆಯುವ ಮನುಷ್ಯ, ಕೊನೆಗೆ ನೋಡಿದರೆ ಪ್ರಯೋಗದ ಪೆಟ್ಟಿಗೆಯೊಳಗಿನ ಗಗನಯಾತ್ರಿ. ಮಾಸ್ಕೋದ ‘ಮಾರ್ಸ್-500’ ಪ್ರಯೋಗದಲ್ಲಿ ಆರು ಜನ ನಿಜವಾಗಿಯೂ 520 ದಿನ ಬಾಗಿಲು ಹಾಕಿಕೊಂಡಿದ್ದರು, 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ.

ಅದೇ ‘ಟ್ವೈಲೈಟ್ ಜೋನ್’ನ 1960ರ ಮಾರ್ಚ್ 4ರ ಕಂತಿನಲ್ಲಿ ಒಂದು ಬೀದಿಯ ಕರೆಂಟು ಹೋಗುತ್ತದೆ, ಅಷ್ಟೇ. ‘ಅವರ ಮನೆ ಲೈಟು ಹೆಂಗ ಬಂತು?’ ಎಂಬ ಪ್ರಶ್ನೆಯಿಂದ ಅಕ್ಕಪಕ್ಕದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕಲಬುರಗಿಯವರಿಗೆ ಈ ಕಂತು ತೋರಿಸಿದರೆ ಮೊದಲು ನಗುತ್ತಾರೆ. ಆಮೇಲೆ 2020ರ ಮಾರ್ಚ್ ನೆನಪಾಗುತ್ತದೆ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಊರಿನಿಂದ. ಕಣ್ಣಿಗೆ ಕಾಣದ್ದು ಹೊರಗೆ, ಬಾಗಿಲು ಹಾಕಿಕೊಂಡವರು ಒಳಗೆ. ಓಣಿಯಲ್ಲಿ ಯಾರು ಕೆಮ್ಮಿದರು ಎಂದು ಗೋಡೆಗೆ ಕಿವಿಯಿಟ್ಟ ದಿನಗಳು.

‘ಮಿಡ್‌ನೈಟ್’ನ ಮುಂದುವರಿಕೆ ಬಂದದ್ದು 17 ವರ್ಷದ ಮೇಲೆ, 2025ರ ಏಪ್ರಿಲ್‌ನಲ್ಲಿ, ‘ದಿ ವೆಲ್’ ಎಂಬ ಹೆಸರಿನಲ್ಲಿ. ಈ ಸಲ ಆ ಕಾಣದ ಜೀವಿ ಮನುಷ್ಯರ ಬೆನ್ನ ಹಿಂದೆ ನಿಲ್ಲುತ್ತದೆ. ದನಿ ಕದಿಯುತ್ತಿದ್ದ ಆ ಜೀವಿಯ ಎದುರು ಬರಹಗಾರರು ತಂದು ನಿಲ್ಲಿಸಿದ ಪಾತ್ರ ಕಿವಿ ಕೇಳದವಳದು; ಆ ಪಾತ್ರ ಮಾಡಿದ ರೋಸ್ ಐಲಿಂಗ್-ಎಲಿಸ್ ಕೂಡ ಕಿವುಡರು.