ಅಸ್ತಮಾ ಮತ್ತು ಲಘು ಓಟದಲ್ಲಿ ಹೃದಯ ಬಡಿತ

ಅಸ್ತಮಾ (ಉಬ್ಬಸ, ಗೂರಲು) ಇರುವ ಓಟಗಾರರಲ್ಲಿ ಲಘು ಓಟದ ಸಮಯದ ಹೃದಯ ಬಡಿತವು ಓಟದ ಶ್ರಮವನ್ನಷ್ಟೇ ಅಲ್ಲದೆ ಶ್ವಾಸನಾಳಗಳ ಸ್ಥಿತಿ, ಸೇವಿಸಿದ ಔಷಧಿ ಮತ್ತು ಹವಾಮಾನವನ್ನೂ ಅವಲಂಬಿಸಿರುತ್ತದೆ. ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಾ ಮುಂದುವರಿಸಬಹುದಾದ ನಿಧಾನಗತಿಯ ಓಟವನ್ನು ಲಘು ಓಟ ಎನ್ನಲಾಗುತ್ತದೆ. ಅಸ್ತಮಾ ಹತೋಟಿಯಲ್ಲಿದ್ದಾಗ ಈ ಓಟದಲ್ಲಿನ ಬಡಿತವು ಸಾಮಾನ್ಯವಾಗಿ ಇತರರದಂತೆಯೇ ಇರುತ್ತದೆ. ಹತೋಟಿ ತಪ್ಪಿದಾಗ ಅಥವಾ ಕೆಲವು ಇನ್ಹೇಲರ್‌ಗಳನ್ನು ಬಳಸಿದ ನಂತರ ಅದೇ ವೇಗಕ್ಕೆ ಬಡಿತ ಹೆಚ್ಚಬಹುದು. ಆದರೆ ಬಡಿತದ ಸಂಖ್ಯೆಯೊಂದರಿಂದಲೇ ಶ್ವಾಸನಾಳಗಳ ಸ್ಥಿತಿಯನ್ನು ನಿರ್ಧರಿಸಲಾಗದು.

ಸಾಮಾನ್ಯ ಪ್ರತಿಕ್ರಿಯೆ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಓಟ ಆರಂಭವಾದಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಒದಗಿಸಲು ಬಡಿತ ಏರುತ್ತದೆ. ಕೆಲವು ನಿಮಿಷಗಳ ನಂತರ ಒಂದು ಮಟ್ಟದಲ್ಲಿ ಬಹುಮಟ್ಟಿಗೆ ಸ್ಥಿರವಾಗುತ್ತದೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಸ್ಥೂಲ ಅಂದಾಜು ದೊರೆಯುತ್ತದೆ. ಲಘು ಓಟವನ್ನು ಸಾಮಾನ್ಯವಾಗಿ ಗರಿಷ್ಠದ ಶೇಕಡಾ 60ರಿಂದ 70ರಷ್ಟು ಎಂದು ಪರಿಗಣಿಸಿದರೆ, 30 ವರ್ಷದವರಿಗೆ ಅದು ನಿಮಿಷಕ್ಕೆ 114ರಿಂದ 133 ಆಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇದರಲ್ಲಿ ಗಣನೀಯ ವ್ಯತ್ಯಾಸವಿರುತ್ತದೆ.

ದೀರ್ಘ ಓಟದಲ್ಲಿ ವೇಗ ಬದಲಾಗದಿದ್ದರೂ ಬಡಿತ ನಿಧಾನವಾಗಿ ಏರುತ್ತದೆ. ಬಿಸಿಲು ಮತ್ತು ಬೆವರಿನಿಂದಾಗಿ ಪ್ರತಿ ಬಡಿತಕ್ಕೆ ಹೊರಹೊಮ್ಮುವ ರಕ್ತದ ಪ್ರಮಾಣ ಕಡಿಮೆಯಾಗುವುದು ಇದಕ್ಕೆ ಮುಖ್ಯ ಕಾರಣ. ಇದು ಅಸ್ತಮಾ ಇಲ್ಲದವರಲ್ಲಿಯೂ ಕಂಡುಬರುತ್ತದೆ.

ವ್ಯಾಯಾಮ ಪ್ರೇರಿತ ಶ್ವಾಸನಾಳ ಸಂಕೋಚನ

ಓಡುವಾಗ ಉಸಿರಾಟ ಹೆಚ್ಚಿ ಶ್ವಾಸನಾಳಗಳ ಒಳಪದರದಿಂದ ನೀರಿನಂಶ ಆವಿಯಾಗುತ್ತದೆ. ಇದರಿಂದ ಅಲ್ಲಿನ ಮಾಸ್ಟ್ ಕೋಶಗಳು ಮೊದಲಾದವು ಹಿಸ್ಟಮಿನ್ ಮತ್ತು ಲ್ಯೂಕೋಟ್ರೈನ್‌ಗಳನ್ನು ಬಿಡುಗಡೆ ಮಾಡುತ್ತವೆ. ನಾಳಗಳ ಸುತ್ತಲಿನ ನಯವಾದ ಸ್ನಾಯು ಬಿಗಿಯುತ್ತದೆ. ಈ ಸ್ಥಿತಿಯನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ವ್ಯಕ್ತಿಯನ್ನು ಗರಿಷ್ಠ ಬಡಿತದ ಶೇಕಡಾ 80ರಿಂದ 90ರವರೆಗೆ ಶ್ರಮಿಸುವಂತೆ ಮಾಡಿ, ಮೊದಲ ಒಂದು ಸೆಕೆಂಡಿನಲ್ಲಿ ಹೊರಹಾಕುವ ಗಾಳಿಯ ಪ್ರಮಾಣವು ಶೇಕಡಾ 10 ಅಥವಾ ಹೆಚ್ಚು ಕುಸಿಯುವುದೇ ಎಂದು ನೋಡಲಾಗುತ್ತದೆ. ಲಘು ಓಟದ ಶ್ರಮ ಇದಕ್ಕಿಂತ ಕಡಿಮೆಯಾದ್ದರಿಂದ ಸಂಕೋಚನದ ಸಾಧ್ಯತೆಯೂ ಕಡಿಮೆ. ಆದರೂ ತಂಪಾದ ಒಣಗಾಳಿ, ಪರಾಗ, ಹೊಗೆ ಅಥವಾ ನೆಗಡಿ ಇದ್ದಾಗ ಅದು ಕಾಣಿಸಿಕೊಳ್ಳಬಹುದು.

ಸಂಕೋಚನವು ಹೆಚ್ಚಾಗಿ ಓಟ ನಿಲ್ಲಿಸಿದ ಕೆಲವು ನಿಮಿಷಗಳ ನಂತರ ತೀವ್ರಗೊಳ್ಳುತ್ತದೆ. ಆಗ ಬಡಿತ ಇಳಿಯುತ್ತಿದ್ದರೂ ಉಸಿರಾಟ ಕಷ್ಟವಾಗುತ್ತಾ ಹೋಗಬಹುದು. ಆದ್ದರಿಂದ ಗಡಿಯಾರ ತೋರಿಸುವ ಕಡಿಮೆ ಸಂಖ್ಯೆಯನ್ನು ಸುರಕ್ಷತೆಯ ಸೂಚನೆಯೆಂದು ಭಾವಿಸಬಾರದು.

ಬಡಿತ ಹೆಚ್ಚಲು ಕಾರಣಗಳು

* ಉಸಿರಾಟದ ಶ್ರಮ: ಕಿರಿದಾದ ನಾಳಗಳ ಮೂಲಕ ಗಾಳಿಯನ್ನು ಸಾಗಿಸಲು ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ.
* ಆತಂಕ: ಉಸಿರು ಕಟ್ಟುವ ಭಯದಿಂದ ಅಡ್ರಿನಲಿನ್ ಸ್ರವಿಸುತ್ತದೆ.
* ವ್ಯಾಯಾಮದ ಕೊರತೆ: ಉಬ್ಬಸಕ್ಕೆ ಹೆದರಿ ಓಟವನ್ನು ಬಿಟ್ಟವರಲ್ಲಿ ದೇಹದ ಸಾಮರ್ಥ್ಯ ಕುಗ್ಗಿ, ಅಲ್ಪ ಶ್ರಮಕ್ಕೂ ಬಡಿತ ಏರುತ್ತದೆ.
* ಔಷಧಿ: ಸಾಲ್ಬುಟಮಾಲ್ ಶ್ವಾಸನಾಳಗಳನ್ನು ಸಡಿಲಿಸುವುದರ ಜೊತೆಗೆ ಹೃದಯವನ್ನೂ ಪ್ರಚೋದಿಸಬಲ್ಲದು, ಎದೆಬಡಿತ ಮತ್ತು ಕೈನಡುಕ ಅದರ ಪರಿಚಿತ ಅಡ್ಡಪರಿಣಾಮಗಳು. ಥಿಯೋಫಿಲಿನ್ ಕೂಡ ಬಡಿತವನ್ನು ಹೆಚ್ಚಿಸುತ್ತದೆ.

ಇದಕ್ಕೆ ವಿರುದ್ಧವಾಗಿ ರಕ್ತದೊತ್ತಡ ಮುಂತಾದವುಗಳಿಗೆ ನೀಡುವ ಬೀಟಾ ಬ್ಲಾಕರ್‌ಗಳು ಬಡಿತವನ್ನು ತಗ್ಗಿಸುತ್ತವೆ, ಆದರೆ ಅಸ್ತಮಾವನ್ನು ಉಲ್ಬಣಗೊಳಿಸಬಲ್ಲವು.

ಅರ್ಥೈಸುವಿಕೆ

ಮಣಿಕಟ್ಟಿನ ಗಡಿಯಾರಗಳು ಬೆಳಕಿನ ಮೂಲಕ ರಕ್ತದ ಹರಿವನ್ನು ಅಳೆಯುವುದರಿಂದ, ಪಟ್ಟಿ ಸಡಿಲವಾದರೆ ತಪ್ಪು ಸಂಖ್ಯೆ ತೋರಿಸಬಹುದು. ಎದೆಗೆ ಕಟ್ಟುವ ಪಟ್ಟಿ ಸಾಮಾನ್ಯವಾಗಿ ಹೆಚ್ಚು ನಿಖರ. ಒಂದು ದಿನದ ಅಳತೆಗಿಂತ ಅದೇ ದಾರಿ ಮತ್ತು ಅದೇ ವೇಗದಲ್ಲಿ ಹಲವು ದಿನ ದಾಖಲಿಸಿದ ಬಡಿತ ಹೆಚ್ಚು ಉಪಯುಕ್ತ. ಜೊತೆಗೆ ಇನ್ಹೇಲರ್ ಬಳಸಿದ ಸಮಯ, ಹವೆ ಮತ್ತು ಕೆಮ್ಮನ್ನು ಬರೆದಿಟ್ಟರೆ ಏರಿಕೆಯ ಕಾರಣವನ್ನು ಗುರುತಿಸುವುದು ಸುಲಭ. ಬಡಿತ ಏರಿದರೂ ಮಾತು ಸರಾಗವಾಗಿದ್ದು ಎದೆ ಹಗುರವಾಗಿದ್ದರೆ ಬಿಸಿಲು, ದಣಿವು ಅಥವಾ ಔಷಧಿ ಕಾರಣವಾಗಿರಬಹುದು. ಎದೆಬಿಗಿತ, ಸುಂಯ್‌ಗುಟ್ಟುವ ಉಸಿರು ಅಥವಾ ಬಿಡದ ಕೆಮ್ಮು ಇದ್ದರೆ ಬಡಿತ ಎಷ್ಟೇ ಇರಲಿ, ಓಟವನ್ನು ನಿಲ್ಲಿಸಬೇಕು.

ಮುನ್ನೆಚ್ಚರಿಕೆ

ಓಟಕ್ಕೆ ಮುನ್ನ ಹಂತಹಂತವಾಗಿ ದೇಹವನ್ನು ಬಿಸಿಗೊಳಿಸುವುದು ಮತ್ತು ಚಳಿಯಲ್ಲಿ ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಳ್ಳುವುದು ಸಂಕೋಚನವನ್ನು ತಗ್ಗಿಸುತ್ತವೆ. ಇನ್ಹೇಲರ್ ಜೊತೆಗಿರಬೇಕು, ಎದೆಬಡಿತಕ್ಕೆ ಹೆದರಿ, ವೈದ್ಯರನ್ನು ಕೇಳದೆ ಅದನ್ನು ಬಿಡಬಾರದು. ಪದೇ ಪದೇ ಅದರ ಅಗತ್ಯ ಬೀಳುವುದು ಅಸ್ತಮಾ ಹತೋಟಿಯಲ್ಲಿಲ್ಲವೆಂಬುದರ ಸೂಚನೆ. ವಿಶ್ರಾಂತಿ ಪಡೆದ ನಂತರವೂ ವಯಸ್ಕರ ಬಡಿತ 110 ಅಥವಾ ಅದಕ್ಕಿಂತ ಹೆಚ್ಚಿದ್ದು, ಒಂದೇ ಉಸಿರಿನಲ್ಲಿ ವಾಕ್ಯ ಮುಗಿಸಲಾಗದಿದ್ದರೆ ಅದು ತೀವ್ರ ಅಸ್ತಮಾದ ಲಕ್ಷಣವಾಗಿದ್ದು, ತುರ್ತು ಚಿಕಿತ್ಸೆ ಅಗತ್ಯ.

ಅಸ್ತಮಾ ದೂರದ ಓಟಕ್ಕೆ ಅಡ್ಡಿಯಾಗಲೇಬೇಕೆಂದಿಲ್ಲ. ಅಸ್ತಮಾ ಇದ್ದ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರ ಲಂಡನ್ ಮ್ಯಾರಥಾನ್ ಅನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಸ್ಥಾಪಿಸಿದರು.